ಒಂದೇ ಮನೆ, ಒಂದೇ ವೈರಸ್: ಒಬ್ಬರಿಗೆ ಬರೀ ಜ್ವರ, ಇನ್ನೊಬ್ಬರಿಗೆ ಐಸಿಯು. ಇದರಲ್ಲಿ ಜೀನ್‌ಗಳ ಪಾಲೆಷ್ಟು?

ಸಾಗರದ_ಹುಡುಗಿ

ಎಲ್ಲರಿಗೂ ನಮಸ್ಕಾರ. 2021ರ ಎರಡನೇ ಅಲೆಯಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ವಾರದಲ್ಲಿ ಕೋವಿಡ್ ಬಂತು. ಅಜ್ಜಿಗೆ ಸಕ್ಕರೆ ಕಾಯಿಲೆ, ವಯಸ್ಸೂ ಆಗಿದೆ. ಅವರು ನಾಲ್ಕು ದಿನ ಮಲಗಿ ಹುಷಾರಾದರು. ಚಿಕ್ಕಪ್ಪನಿಗೆ ಆಗಿನ್ನೂ ನಲವತ್ತರ ಆಸುಪಾಸು. ಬಿಪಿ ಇಲ್ಲ, ಶುಗರ್ ಇಲ್ಲ, ದಿನಾ ತೋಟದಲ್ಲಿ ದುಡಿಯುತ್ತಿದ್ದವರು. ಅವರೇ ಉಳಿಯಲಿಲ್ಲ.

ನೆಂಟರು ಇವತ್ತಿಗೂ "ಅವನಿಗೆ ಇಮ್ಯುನಿಟಿ ಪವರ್ ಇರಲಿಲ್ಲ" ಅನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ಚಿಕ್ಕಮ್ಮ ತನ್ನದೇ ಏನೋ ತಪ್ಪಾಯಿತು ಎಂದು ಕೊರಗುತ್ತಾರೆ. ಈಗ ಯಾರೋ ಮಕ್ಕಳಿಬ್ಬರಿಗೂ ಆನ್‌ಲೈನ್‌ನಲ್ಲಿ ಸಿಗುವ ಡಿಎನ್‌ಎ ಟೆಸ್ಟ್ ಮಾಡಿಸಿ ಎಂದು ಹೇಳಿದ್ದಾರೆ. ಮಾಡಿಸಬೇಕಾ? ಇದು ನಿಜವಾಗಿಯೂ ವಂಶದಲ್ಲಿ ಬರುವ ವಿಷಯವಾ? ತಿಳಿದವರು ದಯವಿಟ್ಟು ಹೇಳಿ.

ಮೈಸೂರು_ಮಕ್ಕಳ_ಡಾಕ್ಟರ್

ನಿಮ್ಮ ಚಿಕ್ಕಮ್ಮನಿಗೆ ಮೊದಲು ಒಂದು ಮಾತು ಹೇಳಿ. ಊಟ, ಕಷಾಯ, ಆರೈಕೆ ಇವುಗಳ ಕೊರತೆಯಿಂದ ಹೀಗಾಗಲಿಲ್ಲ. ಗಟ್ಟಿಮುಟ್ಟಾದ ದೇಹಗಳೇ ಕೆಲವು ವೈರಸ್‌ಗಳ ಎದುರು ಸೋತಿವೆ. ಅದಕ್ಕೆ ಕಾರಣಗಳನ್ನು ವೈದ್ಯಶಾಸ್ತ್ರ ಈಗ ಒಂದೊಂದಾಗಿ ಕಂಡುಹಿಡಿಯುತ್ತಿದೆ.

ವಂಶದ ಪ್ರಶ್ನೆ ಹಳೆಯದು. ಡೆನ್ಮಾರ್ಕ್‌ನಲ್ಲಿ ಸೋರೆನ್‌ಸನ್ ಎಂಬ ವೈದ್ಯರ ತಂಡ 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 1924ರಿಂದ 1926ರ ನಡುವೆ ಹುಟ್ಟಿ, ಚಿಕ್ಕಂದಿನಲ್ಲೇ ದತ್ತು ಹೋದ ಮಕ್ಕಳ ಲೆಕ್ಕ ಅದು. ಒಟ್ಟು 960 ಕುಟುಂಬಗಳು. ಹೆತ್ತ ತಂದೆ ಅಥವಾ ತಾಯಿ 50 ವರ್ಷದೊಳಗೆ ಸೋಂಕಿನಿಂದ ಸತ್ತಿದ್ದರೆ, ಆ ಮಕ್ಕಳು ಸೋಂಕಿನಿಂದ ಸಾಯುವ ಸಾಧ್ಯತೆ ಸುಮಾರು 5.8 ಪಟ್ಟು ಜಾಸ್ತಿ ಇತ್ತು. ಸಾಕಿದ ತಂದೆತಾಯಿ ಸೋಂಕಿನಿಂದ ಸತ್ತಿದ್ದರೆ ಅಂಥ ಏರಿಕೆ ಕಾಣಲಿಲ್ಲ. ಒಂದೇ ಅಡುಗೆಮನೆಯ ಊಟ, ಒಂದೇ ಸೂರು ಇವೆಲ್ಲಕ್ಕಿಂತ ಹುಟ್ಟಿನಿಂದ ಬಂದದ್ದರ ಪ್ರಭಾವ ದೊಡ್ಡದಾಗಿತ್ತು. ಇದರಲ್ಲಿ ಬ್ಯಾಕ್ಟೀರಿಯಾ ಸೋಂಕುಗಳೂ ಸೇರಿವೆ, ಅದು ನೆನಪಿರಲಿ.

ಈಗ ಕೋವಿಡ್‌ಗೆ ಬರೋಣ. 2020ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಎರಡು ಬೇರೆ ಬೇರೆ ಕುಟುಂಬಗಳ ನಾಲ್ವರು ಯುವಕರು ಐಸಿಯು ಸೇರಿದರು. ಎರಡು ಜೋಡಿ ಅಣ್ಣತಮ್ಮಂದಿರು. ವಯಸ್ಸು 21ರಿಂದ 32. ಮೊದಲು ಯಾವ ದೊಡ್ಡ ಕಾಯಿಲೆಯೂ ಇರಲಿಲ್ಲ. ಒಬ್ಬ ತೀರಿಕೊಂಡ. ನಾಲ್ವರಲ್ಲೂ ಟಿಎಲ್‌ಆರ್7 ಎಂಬ ಜೀನ್ ಕೆಟ್ಟಿತ್ತು. ಒಳಗೆ ಬಂದ ವೈರಸ್‌ನ ಆರ್‌ಎನ್‌ಎ ಗುರುತಿಸಿ, ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಹೊರಡಿಸುವುದು ಈ ಜೀನ್‌ನ ಕೆಲಸ. ಇದು ಇರುವುದು ಎಕ್ಸ್ ಕ್ರೋಮೋಸೋಮ್ ಮೇಲೆ. ಹೆಂಗಸರಿಗೆ ಎರಡು ಪ್ರತಿ, ಗಂಡಸರಿಗೆ ಒಂದೇ. ಆ ಒಂದು ಕೆಟ್ಟರೆ ಗಂಡಸಿಗೆ ಬದಲಿ ಇಲ್ಲ.

ನಿಮ್ಮ ಚಿಕ್ಕಪ್ಪನಿಗೂ ಇದೇ ಇತ್ತು ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಕೂತು ಯಾರೂ ಹಾಗೆ ಹೇಳಬಾರದು.

ದಾವಣಗೆರೆ_ಓದುಗ

ಕ್ಷಮಿಸಿ, ನನಗೆ ಇದರಲ್ಲಿ ಒಂದು ಅಪಾಯ ಕಾಣುತ್ತದೆ. ಆ ಏಪ್ರಿಲ್, ಮೇ ತಿಂಗಳಲ್ಲಿ ಜನ ಸತ್ತಿದ್ದು ಆಕ್ಸಿಜನ್ ಸಿಗದೆ, ಬೆಡ್ ಸಿಗದೆ. ಈಗ ಎಲ್ಲವನ್ನೂ ಜೀನ್ ತಲೆಗೆ ಕಟ್ಟಿದರೆ ವ್ಯವಸ್ಥೆಯನ್ನು ಕೇಳುವವರು ಯಾರು? ಬಡವರಿಗೆ ರೋಗ ಜೋರಾದಾಗ "ಅವರ ರಕ್ತವೇ ಹಾಗೆ" ಎನ್ನುವುದು ಹೊಸ ಮಾತೇನಲ್ಲ.

ಎಡಿನ್‌ಬರಾ_ಕನ್ನಡಿಗ

ದಾವಣಗೆರೆ ಸರ್, ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ನಾನು ಜನಸಮುದಾಯಗಳ ಜೀನ್‌ಗಳ ಮೇಲೆ ಕೆಲಸ ಮಾಡುವವನು. ನೀವು ಹೇಳಿದ ಅಪಾಯ ನಮ್ಮ ಕ್ಷೇತ್ರದಲ್ಲೇ ಕಣ್ಣೆದುರು ಬಂದಿತ್ತು. ಅದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

2020ರ ಜೂನ್‌ನಲ್ಲಿ ಇಟಲಿ ಮತ್ತು ಸ್ಪೇನ್‌ನ ರೋಗಿಗಳ ಡಿಎನ್‌ಎ ನೋಡಿದಾಗ 3ನೇ ಕ್ರೋಮೋಸೋಮ್‌ನ ಒಂದು ತುಂಡು ಎದ್ದು ಕಾಣಿಸಿತು. ಆ ತುಂಡು ಇದ್ದವರಿಗೆ ಉಸಿರಾಟ ಕೈಕೊಡುವ ಮಟ್ಟದ ಕೋವಿಡ್ ಆಗುವುದು ಜಾಸ್ತಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹ್ಯೂಗೋ ಝೀಬರ್ಗ್ ಮತ್ತು ಸ್ವಾಂಟೆ ಪಾಬೊ ಎಂಬ ವಿಜ್ಞಾನಿಗಳು ಇನ್ನೊಂದು ವಿಷಯ ತೋರಿಸಿದರು. ಸುಮಾರು 50,000 ಡಿಎನ್‌ಎ ಅಕ್ಷರ ಉದ್ದದ ಆ ತುಂಡು ನಮಗೆ ಬಂದದ್ದು ಈಗ ಅಳಿದುಹೋಗಿರುವ ನಿಯಾಂಡರ್ತಾಲ್ ಮಾನವರಿಂದ. ಕ್ರೊಯೇಷಿಯಾದ ವಿಂಡಿಯಾ ಗುಹೆಯಲ್ಲಿ ಸಿಕ್ಕ, ಸುಮಾರು 50,000 ವರ್ಷ ಹಳೆಯ ಎಲುಬಿನ ಡಿಎನ್‌ಎಯಲ್ಲಿ ಇದೇ ತುಂಡು ಇದೆ. ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂದಿದ್ದು ಈ ಬಗೆಯ ಹಳೆಯ ಡಿಎನ್‌ಎ ಓದುವ ಕೆಲಸಕ್ಕೇ.

ಇದು ಯಾರಲ್ಲಿ ಎಷ್ಟಿದೆ ಎನ್ನುವುದು ನಮಗೆ ನೇರವಾಗಿ ಸಂಬಂಧಪಟ್ಟದ್ದು. ಯುರೋಪಿನಲ್ಲಿ ಸುಮಾರು 16% ಜನರಲ್ಲಿ ಇದೆ. ದಕ್ಷಿಣ ಏಷ್ಯಾದಲ್ಲಿ ಸುಮಾರು 50%. ಬಾಂಗ್ಲಾದೇಶದಲ್ಲಿ 63%. ಚೀನಾ, ಜಪಾನ್ ಕಡೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಬ್ರಿಟನ್ನಿನಲ್ಲಿ ಮೊದಲ ಅಲೆಯಲ್ಲಿ ಬಾಂಗ್ಲಾದೇಶಿ ಮೂಲದವರು ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಸತ್ತಿದ್ದರು. ಕೆಲವರು ತಕ್ಷಣ ಎರಡನ್ನೂ ಜೋಡಿಸಿ "ಇದೇ ಕಾರಣ" ಎಂದರು. ಆದರೆ ಅದೇ ಜನ ಇಕ್ಕಟ್ಟಾದ ಮನೆಗಳಲ್ಲಿದ್ದರು. ಟ್ಯಾಕ್ಸಿ, ಬಸ್ಸು, ಹೋಟೆಲ್ ಕೆಲಸಕ್ಕೆ ಹೋಗಲೇಬೇಕಿತ್ತು. ಶುಗರ್, ಹೃದಯದ ಕಾಯಿಲೆ ಕೂಡ ಅವರಲ್ಲಿ ಜಾಸ್ತಿ. ಜೀನ್ ಒಂದನ್ನೇ ಹಿಡಿದುಕೊಂಡರೆ ಇವೆಲ್ಲ ಮರೆಯಾಗಿಬಿಡುತ್ತವೆ.

ನಮ್ಮಲ್ಲೂ ಇದನ್ನು ಪರೀಕ್ಷಿಸಿದರು. ಹೈದರಾಬಾದ್‌ನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿ ಮತ್ತು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿಜ್ಞಾನಿಗಳು 2021ರಲ್ಲಿ ದಕ್ಷಿಣ ಏಷ್ಯಾದ ಜೀನ್ ಮಾಹಿತಿಯನ್ನು ಸೋಂಕು ಮತ್ತು ಸಾವಿನ ಪ್ರಮಾಣಗಳ ಜೊತೆ ಇಟ್ಟು ನೋಡಿದರು. ಯುರೋಪಿನವರಲ್ಲಿ ಕಂಡ ಆ ತುಂಡಿನ ದೊಡ್ಡ ಪಾತ್ರ ಇಲ್ಲಿ ಕಾಣಲಿಲ್ಲ. ಯುರೋಪಿನವರ ಮೇಲೆ ಮಾಡಿದ ಲೆಕ್ಕವನ್ನು ಹಾಗೇ ತಂದು ನಮ್ಮ ಮೇಲೆ ಹೇರಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಭಾರತದವರ ಮೇಲೆ ಭಾರತದಲ್ಲೇ ದೊಡ್ಡ ಅಧ್ಯಯನಗಳು ಆಗಬೇಕು. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ.

ಹಾಸನದ_ಟೀಚರ್

ಸರ್, ಒಂದು ಸರಳ ಪ್ರಶ್ನೆ. ನಮ್ಮಲ್ಲಿ ಅರ್ಧ ಜನರಿಗೆ ಆ ತುಂಡು ಇದ್ದರೆ ಅರ್ಧ ಊರು ಐಸಿಯು ಸೇರಬೇಕಿತ್ತು ಅಲ್ವಾ? ನನ್ನ ಪಿಯು ಮಕ್ಕಳು ಇದನ್ನೇ ಕೇಳಿದರು.

ಎಡಿನ್‌ಬರಾ_ಕನ್ನಡಿಗ

ಮೇಡಂ, ನಿಮ್ಮ ಮಕ್ಕಳು ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದಾರೆ. "ಅಪಾಯ ಎರಡು ಪಟ್ಟು" ಎಂದು ಕೇಳಿದಾಗ ಮೊದಲು ಕೇಳಬೇಕಾದ್ದು "ಯಾವುದರ ಎರಡು ಪಟ್ಟು?" ಎಂದು. ಒಂದು ಲೆಕ್ಕ ಊಹಿಸಿಕೊಳ್ಳಿ. ಒಂದು ವಯಸ್ಸಿನ 100 ಜನರಲ್ಲಿ ಒಬ್ಬರಿಗೆ ರೋಗ ಜೋರಾಗುತ್ತದೆ ಎಂದಿಟ್ಟುಕೊಂಡರೆ, ಎರಡು ಪಟ್ಟು ಆದಾಗ ಇಬ್ಬರಿಗೆ. ಮಿಕ್ಕ 98 ಜನ ಆ ತುಂಡು ಇದ್ದೂ ಮನೆಯಲ್ಲೇ ಹುಷಾರಾಗುತ್ತಾರೆ. 70 ದಾಟಿದವರಿಗೆ ವಯಸ್ಸಿನಿಂದ ಬರುವ ಅಪಾಯದ ಮುಂದೆ ಇದು ಚಿಕ್ಕದು.

ಇನ್ನೊಂದು ವಿಷಯವನ್ನೂ ಮಕ್ಕಳಿಗೆ ಹೇಳಿ. ಆಕ್ಸ್‌ಫರ್ಡ್‌ನ ತಂಡವೊಂದು 2021ರಲ್ಲಿ ಆ ತುಂಡಿನೊಳಗೆ ಕೆಲಸ ಮಾಡುತ್ತಿರಬಹುದಾದ ಜೀನ್ ಎಂದು ಎಲ್‌ಝಡ್‌ಟಿಎಫ್‌ಎಲ್1 ಅನ್ನು ತೋರಿಸಿತು. ಅವರು ತೋರಿಸಿದ ಪ್ರಕಾರ ಅದರ ಪ್ರಭಾವ ಮುಖ್ಯವಾಗಿ ಶ್ವಾಸಕೋಶದ ಒಳಪದರದ ಜೀವಕೋಶಗಳಲ್ಲಿ. ವೈರಸ್ ಬಂದಾಗ ಆ ಪದರ ತನ್ನನ್ನು ತಾನು ಬದಲಿಸಿಕೊಂಡು ಹಾನಿ ತಡೆಯಬೇಕು. ಈ ಜೀನ್ ಜಾಸ್ತಿ ಚುರುಕಾದರೆ ಆ ಬದಲಾವಣೆ ನಿಧಾನವಾಗುತ್ತದೆ. ರಕ್ತದಲ್ಲಿರುವ ರೋಗನಿರೋಧಕ ಕಣಗಳಲ್ಲಿ ದೋಷವಿಲ್ಲ. ಹಾಗಾಗಿ ಲಸಿಕೆ ಇಂಥವರಲ್ಲೂ ಕೆಲಸ ಮಾಡಬೇಕು ಎಂದು ಆ ತಂಡವೇ ಹೇಳಿತು.

"ಇಮ್ಯುನಿಟಿ ಪವರ್" ಅನ್ನುವ ಮಾತು ನನಗೆ ಹಿಡಿಸದಿರುವುದು ಇದಕ್ಕೇ. ಮೈಯಲ್ಲಿ ಅಂಥ ಒಂದೇ ಒಂದು ಶಕ್ತಿ ಇಲ್ಲ. ನೂರಾರು ಬೇರೆ ಬೇರೆ ಕೆಲಸಗಳಿವೆ. ಒಂದೊಂದು ವೈರಸ್ ಒಂದೊಂದು ಕೆಲಸವನ್ನು ಪರೀಕ್ಷೆಗೆ ಒಡ್ಡುತ್ತದೆ.

ಮೈಸೂರು_ಮಕ್ಕಳ_ಡಾಕ್ಟರ್

ಇದಕ್ಕೆ ಮಕ್ಕಳ ವಾರ್ಡಿನಿಂದ ಒಂದು ಉದಾಹರಣೆ ಸೇರಿಸುತ್ತೇನೆ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಪ್ರಪಂಚದ ಬಹುಪಾಲು ಜನರ ಮೈಯಲ್ಲಿದೆ. ತೊಂದರೆ ಕೊಡುವುದಿಲ್ಲ. ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ ಮಾತ್ರ ಅದು ಮೆದುಳಿಗೆ ಏರುತ್ತದೆ. ಯಾಕೆ ಆ ಒಬ್ಬರಿಗೆ? ಪ್ಯಾರಿಸ್‌ನ ಜ್ಯಾಂ-ಲೋರಾಂ ಕ್ಯಾಸನೋವಾ ಅವರ ತಂಡ 2006 ಮತ್ತು 2007ರಲ್ಲಿ ಅಂಥ ಕೆಲವು ಮಕ್ಕಳಲ್ಲಿ ಯುಎನ್‌ಸಿ93ಬಿ1, ಟಿಎಲ್‌ಆರ್3 ಎಂಬ ಜೀನ್‌ಗಳ ದೋಷ ಕಂಡುಹಿಡಿಯಿತು. ಆಶ್ಚರ್ಯವೆಂದರೆ ಆ ಮಕ್ಕಳಿಗೆ ಉಳಿದ ಸೋಂಕುಗಳು ಎಲ್ಲರಿಗೂ ಬಂದ ಹಾಗೆಯೇ ಬಂದು ಹೋಗುತ್ತಿದ್ದವು. ಮೆದುಳಿನ ಜೀವಕೋಶಗಳು ಒಂದು ವೈರಸ್ ಎದುರು ಇಂಟರ್‌ಫೆರಾನ್ ಹೊರಡಿಸಲಾರದೆ ಹೋಗಿದ್ದವು. ಅಷ್ಟೇ ದೋಷ.

ಫ್ರಾನ್ಸ್‌ನ ಎರಡೂವರೆ ವರ್ಷದ ಮಗುವೊಂದಕ್ಕೆ ಸಾಮಾನ್ಯ ಫ್ಲೂ ಬಂದು ಪ್ರಾಣಕ್ಕೇ ಕುತ್ತಾಗಿತ್ತು. ಅದರಲ್ಲಿ ಐಆರ್‌ಎಫ್7 ಎಂಬ ಜೀನ್‌ನ ಎರಡೂ ಪ್ರತಿ ಕೆಟ್ಟಿದ್ದವು. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದೊಂದೇ ಕೆಟ್ಟ ಪ್ರತಿ ಇದ್ದ ಅಪ್ಪ ಅಮ್ಮ ಇಬ್ಬರೂ ಆರೋಗ್ಯವಾಗಿದ್ದರು. ಇದು ಪ್ರಕಟವಾದದ್ದು 2015ರಲ್ಲಿ. ಐದು ವರ್ಷದ ನಂತರ ಕೋವಿಡ್ ಬಂದಾಗ ಎಲ್ಲಿ ಹುಡುಕಬೇಕು ಎಂದು ಕ್ಯಾಸನೋವಾ ತಂಡಕ್ಕೆ ಮೊದಲೇ ಗೊತ್ತಿತ್ತು. ಜೀವಕ್ಕೆ ಅಪಾಯವಾಗುವಷ್ಟು ಕೋವಿಡ್ ಆದ 659 ಜನರಲ್ಲಿ 23 ಜನರಿಗೆ ಇಂಟರ್‌ಫೆರಾನ್‌ಗೆ ಸಂಬಂಧಪಟ್ಟ ಇದೇ ದಾರಿಯ ಜೀನ್‌ಗಳಲ್ಲಿ ದೋಷ ಸಿಕ್ಕಿತು. ಸುಮಾರು 3.5%.

ಅದಕ್ಕಿಂತ ದೊಡ್ಡದು ಅವರ ಇನ್ನೊಂದು ಕಂಡುಹಿಡಿತ. ಜೋರಾದ ಕೋವಿಡ್ ಆದ 987 ಜನರಲ್ಲಿ 101 ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನ್ ಅನ್ನು ಹೊಡೆದುಹಾಕುವ ಪ್ರತಿಕಾಯಗಳಿದ್ದವು (ಆ್ಯಂಟಿಬಾಡಿಗಳು). ಮನೆಯ ಕಾವಲುಗಾರನನ್ನು ಮನೆಯವರೇ ಕಟ್ಟಿಹಾಕಿದ ಹಾಗೆ. ಅವು ಸೋಂಕಿಗೆ ಮುಂಚೆಯೇ ಅಲ್ಲಿದ್ದವು. 101ರಲ್ಲಿ 95 ಗಂಡಸರು! ಕೋವಿಡ್‌ನಿಂದ ಸತ್ತವರಲ್ಲಿ ಸುಮಾರು 20% ಜನರಲ್ಲಿ ಇವು ಇದ್ದವು ಎಂದು 2021ರ ಇನ್ನೊಂದು ಅಧ್ಯಯನ ಹೇಳಿತು. ಇವು 70 ದಾಟಿದವರಲ್ಲಿ ಹೆಚ್ಚುತ್ತಾ ಹೋಗುತ್ತವೆ. ಆದ್ದರಿಂದ ಇದನ್ನು ಪೂರ್ತಿ ಹುಟ್ಟಿನಿಂದ ಬಂದದ್ದು ಎನ್ನಲಾಗದು. ಗಂಡಸರಿಗೇ ಯಾಕೆ ಜಾಸ್ತಿ, ಗಟ್ಟಿಮುಟ್ಟಾದವರೂ ಯಾಕೆ ಹೋದರು ಎಂಬ ಪ್ರಶ್ನೆಗೆ ಒಂದು ಭಾಗದ ಉತ್ತರವಾದರೂ ಇಲ್ಲಿ ಸಿಗುತ್ತದೆ.

ಸಾಗರದ_ಹುಡುಗಿ

ಡಾಕ್ಟ್ರೇ, ಈ ಕೊನೆಯ ಭಾಗವನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಹಾಗಾದರೆ ಊಟ ತಿಂಡಿಯಿಂದ ಅಲ್ಲವಲ್ಲ ಎಂದು ಎರಡು ಸಲ ಕೇಳಿದರು. ನಿಮಗೆ ತುಂಬಾ ಥ್ಯಾಂಕ್ಸ್.

ತುಮಕೂರು_ಕಿರಣ

ಬ್ಲಡ್ ಗ್ರೂಪ್ ವಿಷಯ ಏನು? ಓ ಗ್ರೂಪ್‌ನವರಿಗೆ ಕೋವಿಡ್ ಬರಲ್ಲ ಎಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿತ್ತು.

ಎಡಿನ್‌ಬರಾ_ಕನ್ನಡಿಗ

ಬರುತ್ತದೆ. ಓ ಗ್ರೂಪ್‌ನವರಲ್ಲಿ ಸೋಂಕು ಸ್ವಲ್ಪ ಕಡಿಮೆ ಎಂದು ಹಲವು ಅಧ್ಯಯನಗಳು ಕಂಡಿವೆ. ಆದರೆ ವ್ಯತ್ಯಾಸ ತೀರಾ ಚಿಕ್ಕದು. ಗ್ರೂಪ್ ನೋಡಿ ಧೈರ್ಯ ತಂದುಕೊಳ್ಳುವುದೂ ಬೇಡ, ಹೆದರುವುದೂ ಬೇಡ.

ಹುಬ್ಬಳ್ಳಿ_ಅನ್ನಪೂರ್ಣ

ನಾನು ಒಂದು ಕಷ್ಟದ ಪ್ರಶ್ನೆ ಕೇಳುತ್ತೇನೆ. ಮೇಲೆ ಹೇಳಿದ ಫ್ರಾನ್ಸ್‌ನ ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂತು ಎಂದಿರಿ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ಈಗಲೂ ಉಂಟು. ನಮ್ಮ ಮನೆಯಲ್ಲೇ ಮೂರು ತಲೆಮಾರಿನಿಂದ ನಡೆದಿದೆ. ಹಾಗಾದರೆ ನಮ್ಮ ಮಕ್ಕಳಿಗೆ ಇಂಥ ಅಪಾಯ ಜಾಸ್ತಿಯಾ?

ಮೈಸೂರು_ಮಕ್ಕಳ_ಡಾಕ್ಟರ್

ಅನ್ನಪೂರ್ಣ ಅಕ್ಕ, ಕೇಳಿದ್ದು ಒಳ್ಳೆಯದಾಯಿತು. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆಗುತ್ತದೆ. ಎರಡೂ ಪ್ರತಿ ಕೆಟ್ಟಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳ ಸಾಧ್ಯತೆ ಅಂಥ ಮದುವೆಗಳಲ್ಲಿ ಹೆಚ್ಚು. ಹುಟ್ಟಿನಿಂದ ಬರುವ ರೋಗನಿರೋಧಕ ದೋಷಗಳೂ ಅದರಲ್ಲಿ ಸೇರುತ್ತವೆ. ಹಾಗೆಂದು ಇಂಥ ಮದುವೆಯ ಮಕ್ಕಳೆಲ್ಲ ರೋಗಿಗಳಾಗುವುದಿಲ್ಲ. ಬಹುಪಾಲು ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಮೂರು ತಲೆಮಾರಿನ ಬಗ್ಗೆ ತಪ್ಪಿತಸ್ಥ ಭಾವ ಇಟ್ಟುಕೊಳ್ಳಬೇಡಿ. ಮುಂದಿನ ಮದುವೆಗೆ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ ಮಾತಾಡಿದರೆ ಸಾಕು.

ಎಡಿನ್‌ಬರಾ_ಕನ್ನಡಿಗ

ಇದಕ್ಕೆ ಸೇರಿಸುವ ಮಾತೊಂದಿದೆ. ಸಂಬಂಧದಲ್ಲಿ ಮದುವೆಯಾಗದೆಯೂ ಇದು ಆಗಬಹುದು. ಒಂದು ಜಾತಿ ಅಥವಾ ಪಂಗಡ ಕೆಲವೇ ಹಿರಿಯರಿಂದ ಬೆಳೆದು, ಸಾವಿರಾರು ವರ್ಷ ತನ್ನೊಳಗೇ ಕೊಟ್ಟು ತಂದರೆ ದೂರದ ನೆಂಟರಲ್ಲೂ ಒಂದೇ ಕೆಟ್ಟ ಪ್ರತಿ ಹರಡಿರುತ್ತದೆ. ಸಿಸಿಎಂಬಿ ಮತ್ತು ಹಾರ್ವರ್ಡ್ ವಿಜ್ಞಾನಿಗಳು 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದರು. ಅವುಗಳಲ್ಲಿ 81 ಗುಂಪುಗಳಲ್ಲಿ ಈ ಪರಿಣಾಮ ಫಿನ್‌ಲ್ಯಾಂಡ್‌ನವರಿಗಿಂತ, ಅಶ್ಕನಾಝಿ ಯೆಹೂದಿಗಳಿಗಿಂತ ಬಲವಾಗಿತ್ತು. ಪ್ರಪಂಚದಲ್ಲಿ ಇದಕ್ಕೆ ಯಾವಾಗಲೂ ಕೊಡುವ ಉದಾಹರಣೆಗಳೇ ಆ ಎರಡು ಸಮುದಾಯ.

ವೈರಸ್ ವಿಷಯದಲ್ಲಿ ಇದರ ಪರಿಣಾಮ ಹೇಗಿರುತ್ತದೆ ಎಂದು ಎರಡು ಕಡೆ ಸ್ಪಷ್ಟವಾಗಿ ಕಂಡಿದೆ. ಪೆಸಿಫಿಕ್ ಸಾಗರದ ಸಮೋವಾ ಸುತ್ತಮುತ್ತಲಿನ ಪಾಲಿನೇಷಿಯನ್ ಜನರಲ್ಲಿ ಐಎಫ್‌ಎನ್‌ಎಆರ್1 ಜೀನ್‌ನ ಕೆಟ್ಟ ಪ್ರತಿ ಸಾಮಾನ್ಯವಾಗಿದೆ. ಗ್ರೀನ್‌ಲ್ಯಾಂಡ್ ಮತ್ತು ಉತ್ತರ ಧ್ರುವದ ಸುತ್ತಲಿನ ಇನ್ಯೂಟ್ ಜನರಲ್ಲಿ ಐಎಫ್‌ಎನ್‌ಎಆರ್2. ಇಂಟರ್‌ಫೆರಾನ್ ಬಂದು ಕೂರುವ ಜಾಗದ ಎರಡು ಭಾಗಗಳಿವು. ಎರಡೂ ಪ್ರತಿ ಕೆಟ್ಟ ಮಕ್ಕಳಿಗೆ ದಡಾರದ ಜೀವಂತ ಲಸಿಕೆಯೇ ಜೀವಕ್ಕೆ ಅಪಾಯ ತಂದಿತ್ತು. ಇದು ಪ್ರಕಟವಾದದ್ದು 2022ರಲ್ಲಿ. ಈಗ ಅಲ್ಲಿನ ವೈದ್ಯರಿಗೆ ಯಾವ ಮಗುವಿನ ವಿಷಯದಲ್ಲಿ ಎಚ್ಚರ ಬೇಕು ಎಂದು ಗೊತ್ತಿದೆ. ಇಂಥದ್ದು ಅತಿ ಅಪರೂಪ. ಇದನ್ನು ಓದಿ ದಯವಿಟ್ಟು ಯಾರೂ ಮಕ್ಕಳ ಲಸಿಕೆ ತಪ್ಪಿಸಬೇಡಿ. ದಡಾರ ಬಂದರೆ ಆಗುವ ಹಾನಿ ಲಸಿಕೆಗಿಂತ ಎಷ್ಟೋ ಪಾಲು ದೊಡ್ಡದು.

ಬೆಂಗಳೂರು_ಸುಹಾಸ್

ಎಚ್‌ಐವಿ ತಗಲದೇ ಇರುವ ಜನರಿದ್ದಾರೆ ಎಂದು ಓದಿದ್ದೆ. ಅಂಥ ಜೀನ್ ನಮ್ಮಲ್ಲೂ ಇದೆಯಾ?

ಎಡಿನ್‌ಬರಾ_ಕನ್ನಡಿಗ

ಅದು ಸಿಸಿಆರ್5. ಜೀವಕೋಶದೊಳಗೆ ಹೋಗಲು ಎಚ್‌ಐವಿ ಬಳಸುವ ಬಾಗಿಲು. ಆ ಜೀನ್‌ನಲ್ಲಿ 32 ಅಕ್ಷರ ಬಿಟ್ಟುಹೋಗಿದ್ದರೆ ಬಾಗಿಲೇ ಇರುವುದಿಲ್ಲ. 1996ರಲ್ಲಿ ಇದು ಗೊತ್ತಾಯಿತು. ಯುರೋಪಿನ ಮೂಲದವರಲ್ಲಿ ಈ ಜೀನ್‌ನ ಪ್ರತಿಗಳಲ್ಲಿ ಸುಮಾರು 10% ಹೀಗಿವೆ. ಎರಡೂ ಪ್ರತಿ ಹೀಗಿರುವವರು ಸುಮಾರು 1%. ನಮ್ಮಲ್ಲಿ ತೀರಾ ಅಪರೂಪ. ಆದರೆ ಇದರಿಂದ ಬಂದ ಲಾಭ ಎಲ್ಲರದ್ದು. 2007ರಲ್ಲಿ ಬಂದ ಮರಾವಿರಾಕ್ ಎಂಬ ಔಷಧ ಇದೇ ಬಾಗಿಲು ಮುಚ್ಚುತ್ತದೆ. ಬರ್ಲಿನ್‌ನಲ್ಲಿ ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಟಿಮೊತಿ ರೇ ಬ್ರೌನ್‌ಗೆ ಇಂಥ ಜೀನ್ ಇದ್ದ ದಾನಿಯ ಮಜ್ಜೆ ಹಾಕಿದಾಗ ಎಚ್‌ಐವಿಯೂ ಹೋಯಿತು.

ಒಂದು ತಿರುವು ಇದೆ. ಇದೇ ಜೀನ್ ಕೊರತೆ ಇದ್ದವರಿಗೆ ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ತಗಲಿದರೆ ಕಾಯಿಲೆ ಜೋರಾಗುತ್ತದೆ. ಆಚೆ ಕಡೆ, ಕೋವಿಡ್‌ನಲ್ಲಿ ತೊಂದರೆ ಕೊಟ್ಟ ಆ ನಿಯಾಂಡರ್ತಾಲ್ ತುಂಡು ಎಚ್‌ಐವಿ ತಗಲುವ ಸಾಧ್ಯತೆಯನ್ನು ಸುಮಾರು 27% ತಗ್ಗಿಸುತ್ತದೆ ಎಂದು ಝೀಬರ್ಗ್ 2022ರಲ್ಲಿ ತೋರಿಸಿದರು. ನಿಯಾಂಡರ್ತಾಲ್‌ಗಳಿಂದಲೇ ಬಂದ ಇನ್ನೊಂದು ತುಂಡು 12ನೇ ಕ್ರೋಮೋಸೋಮ್‌ನಲ್ಲಿದೆ. ಅದು ಕೋವಿಡ್ ಜೋರಾಗದಂತೆ ಕಾಪಾಡುತ್ತದೆ, ಅಪಾಯವನ್ನು ಸುಮಾರು 22% ಇಳಿಸುತ್ತದೆ. ಒಳ್ಳೆಯ ಜೀನ್, ಕೆಟ್ಟ ಜೀನ್ ಎಂದು ಹೆಸರಿಡಲು ಹೋದರೆ ಮುಂದಿನ ವೈರಸ್ ಬಂದಾಗ ಹೆಸರು ಬದಲಿಸಬೇಕಾಗುತ್ತದೆ.

ದಾವಣಗೆರೆ_ಓದುಗ

ಓದಿದೆ, ನನ್ನ ಆತಂಕವನ್ನು ಗಂಭೀರವಾಗಿ ತೆಗೆದುಕೊಂಡಿದ್ದಕ್ಕೆ ಸಂತೋಷ. ಆದರೂ ಒಂದು ಉಳಿಯಿತು. ಸಾಮಾನ್ಯ ಆಸ್ಪತ್ರೆಯ ರೋಗಿಗೆ ಇದರಿಂದ ಏನು ಸಿಕ್ಕಿತು?

ಎಡಿನ್‌ಬರಾ_ಕನ್ನಡಿಗ

ಒಂದು ಗುಳಿಗೆ ಸಿಕ್ಕಿತು. ನಾನಿರುವ ಎಡಿನ್‌ಬರಾದಲ್ಲೇ ಕೆನೆತ್ ಬೈಲಿ ಅವರ ಜಿನಾಮಿಕ್ (GenOMICC) ಎಂಬ ಅಧ್ಯಯನ ಬ್ರಿಟನ್ನಿನ ಐಸಿಯು ರೋಗಿಗಳ ಡಿಎನ್‌ಎ ಓದಿತು. 2020ರ ಡಿಸೆಂಬರ್‌ನಲ್ಲಿ ಬಂದ ಪಟ್ಟಿಯಲ್ಲಿ ಟಿವೈಕೆ2 ಎಂಬ ಜೀನ್ ಇತ್ತು. ಇದು ಜಾಸ್ತಿ ಕೆಲಸ ಮಾಡಿದರೆ ಉರಿಯೂತ ಕೈಮೀರುತ್ತದೆ. ಇದೇ ಗುಂಪಿನ ಪ್ರೋಟೀನ್‌ಗಳನ್ನು ತಡೆಯುವ ಬಾರಿಸಿಟಿನಿಬ್ ಎಂಬ ಸಂಧಿವಾತದ ಗುಳಿಗೆ ಮೊದಲೇ ಇತ್ತು. ಅದನ್ನು ಬ್ರಿಟನ್ನಿನ ರಿಕವರಿ ಎಂಬ ಔಷಧ ಪ್ರಯೋಗದಲ್ಲಿ 8,000ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿದರು. ಆಸ್ಪತ್ರೆ ಸೇರಿದವರಲ್ಲಿ ಸಾವು ಸುಮಾರು 13% ಇಳಿಯಿತು. ಆ ಗುಳಿಗೆ ತೆಗೆದುಕೊಂಡ ಯಾರಿಗೂ ತಮ್ಮ ಜೀನ್ ಪರೀಕ್ಷೆ ಮಾಡಿಸಬೇಕಾಗಿರಲಿಲ್ಲ. ನನ್ನ ಮಟ್ಟಿಗೆ ಈ ವಿಜ್ಞಾನದ ನಿಜವಾದ ಬೆಲೆ ಇಲ್ಲಿದೆ. ಕೆಲವರ ಡಿಎನ್‌ಎ ಓದಿ ಎಲ್ಲರಿಗೂ ಔಷಧ.

ಸಾಗರದ_ಹುಡುಗಿ

ಹಾಗಾದರೆ ಆ ಆನ್‌ಲೈನ್ ಕಿಟ್? ಚಿಕ್ಕಮ್ಮನ ಮಗನಿಗೆ ಈಗ 14, ಮಗಳಿಗೆ 10.

ಮೈಸೂರು_ಮಕ್ಕಳ_ಡಾಕ್ಟರ್

ಬೇಡ. ಸುಮ್ನೆ ದುಡ್ಡು ದಂಡ. ಅಂಥ ಹಲವು ಕಿಟ್‌ಗಳು ನೋಡುವುದು ಸಾಮಾನ್ಯವಾಗಿ ಕಂಡುಬರುವ, ಚಿಕ್ಕ ಪ್ರಭಾವದ ವ್ಯತ್ಯಾಸಗಳನ್ನು. ಅವುಗಳಿಂದ ನಿಮ್ಮ ಮಗುವಿಗೆ ಮುಂದೆ ಏನಾಗುತ್ತದೆ ಎಂದು ಹೇಳಲಾಗದು. ಟಿಎಲ್‌ಆರ್7ನಂಥ ಅಪರೂಪದ ದೋಷ ಹುಡುಕುವುದೇ ಬೇರೆ ಬಗೆಯ ಪರೀಕ್ಷೆ. ಅದನ್ನು ವೈದ್ಯರು ಕಾರಣ ಇದ್ದಾಗ ಬರೆದುಕೊಡುತ್ತಾರೆ.

ಕಾರಣ ಯಾವಾಗ ಇರುತ್ತದೆ? ಒಂದು ಮಗುವಿಗೆ ಎಲ್ಲರಿಗೂ ಬಂದು ಹೋಗುವ ವೈರಸ್ ಪ್ರಾಣಕ್ಕೇ ಬಂದಾಗ. ಹರ್ಪಿಸ್ ಮೆದುಳಿಗೆ ಏರಿದಾಗ. ಜೀವಂತ ಲಸಿಕೆಯ ನಂತರ ಕಾಯಿಲೆ ಜೋರಾದಾಗ. ಒಂದೇ ಮನೆಯಲ್ಲಿ ಇಬ್ಬರು ಚಿಕ್ಕ ವಯಸ್ಸಿನವರು ಒಂದೇ ಬಗೆಯ ಸೋಂಕಿನಿಂದ ಹೋದಾಗ. ಅಂಥ ಮನೆಯವರು ಮಕ್ಕಳ ರೋಗನಿರೋಧಕ ತಜ್ಞರನ್ನು ಕಾಣಲೇಬೇಕು.

ನಿಮ್ಮ ಮನೆಯಲ್ಲಿ ಒಬ್ಬರೇ ದೊಡ್ಡವರು ಹೋಗಿದ್ದಾರೆ. ಟಿಎಲ್‌ಆರ್7 ಬಗ್ಗೆ ಹುಡುಗನಿಗೆ ಹೆದರಿಕೆ ಬೇಡ. ಎಕ್ಸ್ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಹೋಗುವುದಿಲ್ಲ, ಅಮ್ಮನಿಂದ ಮಾತ್ರ ಬರುತ್ತದೆ. ಮಕ್ಕಳಿಬ್ಬರೂ ಇದುವರೆಗೆ ಸಾಮಾನ್ಯ ಜ್ವರ ನೆಗಡಿಗಳನ್ನು ದಾಟಿ ಬಂದಿದ್ದರೆ ಯಾವ ಪರೀಕ್ಷೆಯೂ ಬೇಕಿಲ್ಲ. ಲಸಿಕೆಗಳು ಬಾಕಿ ಇದ್ದರೆ ಹಾಕಿಸಿ. ಚಿಕ್ಕಪ್ಪನ ಆಸ್ಪತ್ರೆಯ ಡಿಸ್‌ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್ ಇದ್ದರೆ ಎತ್ತಿಡಿ. ಮುಂದೆ ಮಕ್ಕಳಿಗೆ ಯಾವಾಗಲಾದರೂ ಸೋಂಕು ಜೋರಾಗಿ ಆಸ್ಪತ್ರೆ ಸೇರಿದರೆ, ಮೊದಲ ದಿನವೇ ಆ ಕಾಗದಗಳನ್ನು ಡಾಕ್ಟರ್ ಕೈಗೆ ಕೊಡಿ.